ಹಾಲು ಉಕ್ಕಿತು, ಮಾಸ್ಕೋ ಕೈತಪ್ಪಿತು

ಮೊನ್ನೆ ರಾತ್ರಿ ಒಂದು ಹಳೇ ಕಂಪ್ಯೂಟರ್ ಯುದ್ಧದ ಆಟದಲ್ಲಿ ಮಾಸ್ಕೋ ಹತ್ತಿರ ಬಂದುಬಿಟ್ಟಿದ್ದೆ. ಇನ್ನೆರಡು ಮನೆ ದಾಟಿದರೆ ಮುಗೀತು. ಅಷ್ಟರಲ್ಲಿ ಒಲೆ ಮೇಲಿಟ್ಟ ಹಾಲು ನೆನಪಾಯಿತು. ಓಡಿಹೋಗಿ ಸ್ಟವ್ ಆರಿಸಿ, ಕಟ್ಟೆ ಒರೆಸಿ, ಬೈಸಿಕೊಂಡು ಬಂದು ಕೂತೆ. ನನ್ನ ಆಜ್ಞೆಗಳನ್ನು ಮುಗಿಸಿ ಸ್ಟಾರ್ಟ್ ಒತ್ತಿದರೆ, ರಷ್ಯಾದ ಕೆಂಪು ಚೌಕಗಳು ಬಂದು ನನ್ನ ಟ್ಯಾಂಕ್ ದಳದ ಬೆನ್ನಿಗೇ ನಿಂತವು.

ಆಟದ ಹೆಸರು ಈಸ್ಟರ್ನ್ ಫ್ರಂಟ್ (1941). ಆ ವರ್ಷ ಜರ್ಮನಿ ರಷ್ಯಾ ಮೇಲೆ ನುಗ್ಗಿದ ಯುದ್ಧದ ಆಟ. ಕ್ರಿಸ್ ಕ್ರಾಫರ್ಡ್ ಅಟಾರಿ ಕಂಪ್ಯೂಟರಿಗಾಗಿ ಬರೆದದ್ದು, 1981ರಲ್ಲಿ ಬಂತು. ಆತ ಅಟಾರಿ ಕಂಪನಿಯಲ್ಲೇ ಕೆಲಸಕ್ಕಿದ್ದರೂ ಇದು ಮಾರಾಟವಾದದ್ದು ಅಟಾರಿ ಪ್ರೋಗ್ರಾಂ ಎಕ್ಸ್‌ಚೇಂಜ್ ಎಂಬ ಕ್ಯಾಟಲಾಗಿನ ಮೂಲಕ. ಬಳಕೆದಾರರು ಮನೆಯಲ್ಲಿ ಬರೆದು ಕಳಿಸಿದ ಪ್ರೋಗ್ರಾಂಗಳನ್ನೂ ಮಾರುತ್ತಿದ್ದ ಕ್ಯಾಟಲಾಗ್ ಅದು. 60,000ಕ್ಕೂ ಹೆಚ್ಚು ಪ್ರತಿ ಹೋದವು. ನಾನು ಆಡುವುದು ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂನಲ್ಲಿ. ಆಟವನ್ನು ತಡೆದು ನಿಲ್ಲಿಸಿ ಹೋಗಬಹುದಿತ್ತಲ್ವಾ ಅಂತ ಕೇಳಬೇಡಿ. ಹಾಲು ಉಕ್ಕುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಹಾಲಿಗೂ ಸೋಲಿಗೂ ನಿಜಕ್ಕೂ ನಂಟಿದೆ. ಟಿವಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಎರಡು ಚಿತ್ರಗಳ ನಡುವಿನ ಚೂರು ಬಿಡುವಿನಲ್ಲಿ ಕಂಪ್ಯೂಟರ್ ನಮ್ಮ ಜಾಯ್‌ಸ್ಟಿಕ್ ಕಡೆ ನೋಡಿ, ನಕ್ಷೆ ಸರಿಸಿ, ನಮ್ಮ ಕೆಲಸ ಮುಗಿಸುತ್ತದೆ. ಉಳಿದ ಸಮಯವೆಲ್ಲ ರಷ್ಯಾ ಪರ ಯೋಚನೆಗೆ. ಮೊದಲು ಒಂದು ಒರಟು ಯೋಜನೆ ಹಾಕಿಕೊಳ್ಳುತ್ತದೆ, ಆಮೇಲೆ ಅದನ್ನೇ ತಿದ್ದುತ್ತಾ ಕೂರುತ್ತದೆ. ನಾವು ಸ್ಟಾರ್ಟ್ ಒತ್ತಿದಾಗ ಕೈಯಲ್ಲಿ ಏನಿದೆಯೋ ಅದೇ ಅದರ ನಡೆ. ಅಂದರೆ ನಾವು ತಲೆ ಕೆರೆದುಕೊಂಡಷ್ಟೂ ಎದುರಾಳಿ ಚುರುಕಾಗುತ್ತಾನೆ!

ಈಗಿನ ಎಷ್ಟೋ ಯುದ್ಧದ ಆಟಗಳಲ್ಲಿ ಕಷ್ಟದ ಲೆವೆಲ್ ಅಂದರೆ ಕಂಪ್ಯೂಟರಿಗೆ ಸುಮ್ನೆ ಜಾಸ್ತಿ ದುಡ್ಡು, ಜಾಸ್ತಿ ಸೈನ್ಯ. ಅದು ನನಗೆ ಮೋಸ ಅನ್ನಿಸುತ್ತದೆ. ಬರೀ 16 ಕಿಲೋಬೈಟ್ ಮೆಮೊರಿಯ ಈ ಬಡಪಾಯಿ ನನ್ನ ಸಮಯವನ್ನೇ ಬಳಸಿಕೊಂಡು ನನ್ನನ್ನು ಹೊಡೆಯುತ್ತದೆ. ಸೋತರೂ ಬೇಜಾರಿಲ್ಲ.

ಇನ್ನೊಂದು ನೋಡಿ. ಒಂದು ದಳದ ಮೇಲೆ ಗುಂಡಿ ಒತ್ತಿದರೆ ಎರಡು ಅಂಕಿ ಬರುತ್ತವೆ. ಒಂದು ಹಾಜರಿ ಪುಸ್ತಕದಲ್ಲಿರುವ ಬಲ, ಇನ್ನೊಂದು ಈಗ ಎದ್ದು ಹೋರಾಡಬಲ್ಲ ಬಲ. ಜೂನ್‌ನಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಅಕ್ಟೋಬರ್ ಕೆಸರಿನಲ್ಲಿ, ಸರಬರಾಜು ಕಡಿದುಹೋದಾಗ, ಎರಡನೆಯದು ಕುಸಿಯುತ್ತದೆ. ದಳ ನಕ್ಷೆಯಲ್ಲಿ ಇದೆ, ಆದರೆ ಪ್ರಯೋಜನಕ್ಕಿಲ್ಲ. ಆಗಲೂ ಪೂರ್ವಕ್ಕೇ ನುಗ್ಗಬೇಕು ಅನ್ನಿಸುತ್ತದಲ್ಲ, ಆ ದುರಾಸೆಯನ್ನು ಆಟ ಚೆನ್ನಾಗಿ ಹಿಡಿದಿದೆ.

ಆದರೆ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ. ನನಗೆ ಸಿಗುವುದು ಜರ್ಮನ್ ಪಕ್ಷ ಮಾತ್ರ. ಲೆನಿನ್‌ಗ್ರಾಡ್ ಇಲ್ಲಿ ಅಂಕ ಕೊಡುವ ಒಂದು ಚೌಕ, ಅಷ್ಟೇ. ಅಲ್ಲಿ ಹಸಿವಿನಿಂದ ಸತ್ತ ಲಕ್ಷಾಂತರ ಜನ ನಕ್ಷೆಯಲ್ಲಿಲ್ಲ. ಗೆದ್ದರೆ ಯಾರು ಗೆದ್ದಂತೆ? ಚೆಸ್ ಆಡುವಾಗ ಈ ಪ್ರಶ್ನೆ ಬರುವುದಿಲ್ಲ.

ಕ್ರಾಫರ್ಡ್‌ಗೂ ಇದು ಕಾಡಿತ್ತೋ ಏನೋ, ಅದು ನನ್ನ ಊಹೆ. 1985ರಲ್ಲಿ ಮ್ಯಾಕಿಂಟಾಷ್‌ಗೆ ಬ್ಯಾಲೆನ್ಸ್ ಆಫ್ ಪವರ್ ಅಂತ ಬರೆದರು. ಅಮೆರಿಕ, ಸೋವಿಯತ್ ಜಗಳ. ಹಟ ಹಿಡಿದು ಅಣುಯುದ್ಧ ತಂದುಕೊಂಡರೆ ಪರದೆ ಕಪ್ಪಾಗುತ್ತದೆ. ಬೆಂಕಿಯ ಅಣಬೆ ಏನೂ ತೋರಿಸುವುದಿಲ್ಲ, ಸೋಲಿಗೆ ನಾವು ಬಹುಮಾನ ಕೊಡುವುದಿಲ್ಲ ಎಂಬರ್ಥದ ಒಂದೆರಡು ಸಾಲು ಬರುತ್ತವೆ. ಅಲ್ಲಿಗೆ ಆಟ ಬಂದ್.