211 ಬಿಯರ್, ನೆನಪಿರುವುದು ಆರೋ ಏಳೋ

ಫೋನ್ ಬದಲಾಯಿಸುವಾಗ ಹಳೇ ಆ್ಯಪ್ ಒಂದು ಕಣ್ಣಿಗೆ ಬಿತ್ತು. ಕುಡಿದ ಪ್ರತಿ ಬಿಯರ್‌ನ ಹೆಸರನ್ನೂ ಒಂದು ಕಾಲದಲ್ಲಿ ಅದರಲ್ಲಿ ಬರೆದು, ಸ್ಟಾರ್ ಕೊಟ್ಟು, ಫೋಟೋ ಹಾಕಿ ಇಡುತ್ತಿದ್ದೆ. ಒಟ್ಟು 211 ಇದ್ದವು. ಒಂದೊಂದೇ ನೋಡುತ್ತಾ ಹೋದೆ. ರುಚಿ ನಿಜವಾಗಿ ನೆನಪಿದ್ದದ್ದು ಆರೋ ಏಳೋ. ಮಿಕ್ಕವನ್ನು ಬೇರೆ ಯಾರೋ ಕುಡಿದು ನನ್ನ ಹೆಸರಲ್ಲಿ ಬರೆದಿಟ್ಟ ಹಾಗಿತ್ತು.

ನೆನಪಿದ್ದವನ್ನೆಲ್ಲ ಊಟದ ಜೊತೆ ಕುಡಿದಿದ್ದೆ. ಅದೂ ಆ ಬಿಯರ್ ಹುಟ್ಟಿದ ಊರಿನವರ ಊಟದ ಜೊತೆ. ಮರೆತವುಗಳಲ್ಲಿ ಮುಕ್ಕಾಲು ಪಾಲು 'ಫ್ಲೈಟ್'ನಲ್ಲಿ ಬಂದವು. ಉದ್ದನೆ ಹಲಗೆ ಮೇಲೆ ಐದಾರು ಪುಟ್ಟ ಗ್ಲಾಸು ಜೋಡಿಸಿ ತಂದಿಡುತ್ತಾರಲ್ಲ, ಅದು. ಎರಡನೇ ಗ್ಲಾಸಿನಲ್ಲಿ ಕಹಿ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಇದ್ದರೆ ಮುಗೀತು. ಮೂರನೆಯದು ಎಷ್ಟೇ ಒಳ್ಳೆಯ, ತಿಳಿ ಬಣ್ಣದ ಪಿಲ್ಸ್‌ನರ್ ಆಗಿರಲಿ, ನಾಲಿಗೆಗೆ ಬರೀ ನೀರು. ಅದಕ್ಕೂ ನಾನು ಎರಡು ಸ್ಟಾರ್ ಕೊಟ್ಟಿದ್ದೇನೆ! ಪಾಪ, ಅದರ ತಪ್ಪೇನಿತ್ತು?

ಪುಟ್ಟ ಗ್ಲಾಸಿನ ಮೇಲೆ ನನಗೆ ಸಿಟ್ಟಿಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಕೋಲ್ಶ್ ಬಿಯರ್ ಬರುವುದೇ 200 ಮಿಲಿಲೀಟರಿನ ಸಣಕಲು ಗ್ಲಾಸಿನಲ್ಲಿ. ಖಾಲಿಯಾದ ತಕ್ಷಣ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಗ್ಲಾಸಿನ ಅಡಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಾರೆ. ಸಾಕು ಅನ್ನಿಸಿದಾಗ ಆ ರಟ್ಟನ್ನು ಗ್ಲಾಸಿನ ಬಾಯಿಗೆ ಮುಚ್ಚಬೇಕು. ಆದರೆ ಅಲ್ಲಿ ಬರುವುದು ಪ್ರತಿ ಸಲವೂ ಅದೇ ಬಿಯರ್. ನಾಲಿಗೆಗೆ ಅದರ ಪರಿಚಯ ಆಗುತ್ತಾ ಹೋಗುತ್ತದೆ.

ಮ್ಯೂನಿಕ್‌ನ ವೈಸ್‌ವುರ್ಸ್ಟ್ ನನ್ನ ಕಣ್ಣು ತೆರೆಸಿದ ತಿಂಡಿ. ಎಳೆ ಕರುವಿನ ಮಾಂಸ ಮತ್ತು ಹಂದಿಯ ಕೊಬ್ಬಿನಿಂದ ಮಾಡುವ ಬಿಳಿ ಸಾಸೇಜ್ ಅದು. ಬಿಸಿನೀರಿನಲ್ಲೇ ಇಟ್ಟು ತರುತ್ತಾರೆ. ಸಿಪ್ಪೆ ತಿನ್ನುವುದಿಲ್ಲ. ಮಧ್ಯಾಹ್ನ 12ರ ಗಂಟೆ ಅದರ ಕಿವಿಗೆ ಬೀಳಬಾರದು ಅನ್ನುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ, ಹೊಗೆಯಲ್ಲಿ ಒಣಗಿಸದ ಮಾಂಸ ಬೇಗ ಹಾಳಾಗುತ್ತಿತ್ತು. ಅದಕ್ಕೇ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ಮುಗಿಸುತ್ತಿದ್ದರು. ಜೊತೆಗೆ ಸಿಹಿ ಸಾಸಿವೆ, ಪ್ರೆಟ್ಸೆಲ್, ಗೋಧಿ ಬಿಯರ್. ಈ ಹೆಫೆವೈಝೆನ್ ನನ್ನ ಪಟ್ಟಿಯಲ್ಲಿ ಮೊದಲೇ ಇತ್ತು. 'ಬಾಳೆಹಣ್ಣಿನ ವಾಸನೆ, ಅತಿಯಾಯ್ತು' ಅಂತ ಬರೆದಿದ್ದೆ. ಬಾಳೆಹಣ್ಣು, ಲವಂಗ ಎರಡನ್ನೂ ಯಾರೂ ಹಾಕಿರುವುದಿಲ್ಲ. ಆ ಪರಿಮಳ ಯೀಸ್ಟ್‌ನದೇ. ಅದೇ ಬಿಯರ್ ಸಾಸೇಜಿನ ಪಕ್ಕ ಬಂದಾಗ ಬಾಳೆಹಣ್ಣು ಹಿಂದೆ ಸರಿದು ಲವಂಗ ಮುಂದೆ ಬಂತು. ಸಪ್ಪೆ ಮಾಂಸಕ್ಕೆ ಬೇಕಿದ್ದ ಮಸಾಲೆ ಗ್ಲಾಸಿನಲ್ಲಿತ್ತು.

ಊಟ ಮಾತ್ರ ಅಲ್ಲ, ನೀರೂ ಲೆಕ್ಕಕ್ಕೆ ಬರುತ್ತದೆ. ಚೆಕ್ ದೇಶದ ಪ್ಲ್ಜೆನ್‌ನಲ್ಲಿ ನೀರು ತುಂಬಾ ಮೆದು. 1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವ ಬವೇರಿಯದ ಬ್ರೂವರ್ ಆ ನೀರಿಗೆ ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಅಲ್ಲಿನದೇ ಜಾಟೆಟ್ಸ್ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) ಸೇರಿಸಿ ಪಿಲ್ಸ್‌ನರ್ ಮಾಡಿದ. ಇಂಗ್ಲೆಂಡಿನ ಬರ್ಟನ್‌ನಲ್ಲಿ ನೀರಿನ ತುಂಬ ಜಿಪ್ಸಮ್ ಅನ್ನುವ ಖನಿಜ. ಅದು ಹಾಪ್ಸ್‌ನ ಕಹಿಯನ್ನು ಚುರುಕು ಮಾಡುತ್ತದೆ. ಹಾಗಾಗಿ ಅಲ್ಲಿ ಪೇಲ್ ಏಲ್ ಹೆಸರಾಯಿತು. ಈಗ ಬೇಕಾದ ಖನಿಜ ಲವಣ ಬೆರೆಸಿ ಯಾವ ಊರಿನ ನೀರನ್ನಾದರೂ ಮಾಡಿಕೊಳ್ಳಬಹುದು, ಅದು ಬೇರೆ ಮಾತು.

ಐಪಿಎ ವಿಷಯಕ್ಕೆ ಬಂದರೆ ನನ್ನ ದೊಡ್ಡ ಎಡವಟ್ಟು ನೆನಪಾಗುತ್ತದೆ. ಚೀನಾದ ಸಿಚುವಾನ್ ಕಡೆಯ ಖಾರದ ಮಾಪೋ ತೋಫು ಜೊತೆ ಕಹಿಯಾದ, ಸ್ಟ್ರಾಂಗ್ ಆದ ಐಪಿಎ ತರಿಸಿದ್ದೆ. ಖಾರಕ್ಕೆ ಐಪಿಎ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಕಹಿಯೂ ಅದರ ಜೊತೆ ಕೈಜೋಡಿಸುತ್ತದೆ. ಹೆಸರಲ್ಲಿ 'ಇಂಡಿಯಾ' ಇದ್ದ ಮಾತ್ರಕ್ಕೆ ಖಾರಕ್ಕೆ ಹೊಂದಬೇಕು ಅಂತೇನಿಲ್ಲ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಹಡಗಿನಲ್ಲಿ ಕೆಡದೆ ಉಳಿಯಲಿ ಅಂತಲೇ ಅದನ್ನು ಕಂಡುಹಿಡಿದರು ಅನ್ನುವ ಕಥೆಯನ್ನೂ ಪೂರ್ತಿ ನಂಬಬೇಡಿ. ಪೋರ್ಟರ್ ಅನ್ನುವ ಕಪ್ಪು ಬಿಯರ್ ಕೂಡ ಅದೇ ದಾರಿಯಲ್ಲಿ ಹಡಗು ಹತ್ತಿ ಹೋಗುತ್ತಿತ್ತು. ಖಾರಕ್ಕೆ ನನ್ನ ಆಯ್ಕೆ ಈಗ ಮ್ಯೂನಿಕ್‌ನ ಡುಂಕೆಲ್ ಅನ್ನುವ ಕಂದು ಬಿಯರ್. ಕಹಿ ಕಡಿಮೆ, ಹುರಿದ ಬ್ರೆಡ್ಡಿನಂಥ ತೆಳು ಸಿಹಿ.

ಇನ್ನು ಲ್ಯಾಂಬಿಕ್. ಬ್ರಸೆಲ್ಸ್ ಸುತ್ತಮುತ್ತಲಿನ ಈ ಬಿಯರ್‌ಗೆ ಯೀಸ್ಟ್ ಹಾಕುವುದೇ ಇಲ್ಲ. ಚಳಿಗಾಲದ ರಾತ್ರಿ, ಕುದಿಸಿದ ಧಾನ್ಯದ ರಸವನ್ನು ಅಗಲವಾದ ಆಳವಿಲ್ಲದ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿ, ಸೂರಿನಲ್ಲಿ, ಮರದ ಪೀಪಾಯಿಯಲ್ಲಿ ಇರುವ ಕಾಡು ಯೀಸ್ಟ್ ಬಂದು ಸೇರಿಕೊಳ್ಳುತ್ತದೆ. ಆಮೇಲೆ ವರ್ಷಗಟ್ಟಲೆ ಕಾಯುವುದು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಅದು ಗೂಜ್. ಮೊದಲ ಸಲ ಮೂಸಿದಾಗ ಕುದುರೆ ಲಾಯದ ವಾಸನೆ ಬಂತು. ಕುಡಿದರೆ ಹಲ್ಲು ಚುಳ್ಳೆನ್ನುವ ಹುಳಿ. ಒಂದು ಸ್ಟಾರ್.

ಎರಡು ವರ್ಷ ಬಿಟ್ಟು ಅದೇ ಗೂಜ್ ಸಿಕ್ಕಿದ್ದು ಒಂದು ದೊಡ್ಡ ಪಾತ್ರೆ ಮಸಲ್ಸ್ (ಸಮುದ್ರದ ಚಿಪ್ಪುಜೀವಿ) ಜೊತೆ. ಈರುಳ್ಳಿ, ಸೆಲರಿ ಹಾಕಿ ಬೇಯಿಸಿದ ಕಪ್ಪು ಚಿಪ್ಪುಗಳು, ಪಕ್ಕದಲ್ಲಿ ಬಿಸಿ ಫ್ರೈಸ್. ಖಾಲಿ ಚಿಪ್ಪನ್ನೇ ಇಕ್ಕಳದ ಹಾಗೆ ಹಿಡಿದು ಇನ್ನೊಂದರಿಂದ ಮಾಂಸ ಕೀಳುವುದನ್ನು ಎದುರಿಗೆ ಕೂತವರು ತೋರಿಸಿಕೊಟ್ಟರು. ಚಿಪ್ಪಿನಲ್ಲಿ ಸಮುದ್ರದ ಉಪ್ಪು, ಗ್ಲಾಸಿನಲ್ಲಿ ಹುಳಿ. ನಿಂಬೆಹಣ್ಣು ಹಿಂಡುವ ಕೆಲಸವನ್ನು ಬಿಯರ್ರೇ ಮಾಡುತ್ತಿತ್ತು. ಲಾಯದ ವಾಸನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವತ್ತು ಫೋಟೋ ತೆಗೆಯುವುದೂ ಮರೆತಿತ್ತು.

ಹಾಗಂತ ಪಟ್ಟಿ ಮಾಡುವವರನ್ನು ಆಡಿಕೊಳ್ಳುವ ಧೈರ್ಯ ನನಗಿಲ್ಲ. ಹೊಸ ರುಚಿಗೆ ಹಪಹಪಿಸುವವರು ಇರದಿದ್ದರೆ ಉಪ್ಪು, ಕೊತ್ತಂಬರಿ ಬೀಜ ಹಾಕುವ ಜರ್ಮನಿಯ ಹುಳಿ ಬಿಯರ್ ಗೋಸ ಇವತ್ತು ಅದರ ಊರು ದಾಟಿ ಬರುತ್ತಿರಲಿಲ್ಲ. ಬೆಲ್ಜಿಯಂನ ಹೂಗಾರ್ಡನ್‌ನಲ್ಲಿ ಬಿಳಿ ಬಿಯರ್ ಪೂರ್ತಿ ನಿಂತೇ ಹೋಗಿತ್ತು. ಅದನ್ನು 1966ರಲ್ಲಿ ಮತ್ತೆ ಶುರು ಮಾಡಿದ ಪಿಯರ್ ಸೆಲಿಸ್ ಹಾಲು ಮಾರುತ್ತಿದ್ದವರು! ಆದರೆ ಅವರು ಮರಳಿ ತಂದದ್ದು ತಮ್ಮ ಊರಿನವರು ದಿನಾ ಕುಡಿಯುತ್ತಿದ್ದ ಒಂದೇ ಒಂದು ಬಿಯರನ್ನು.

ಈ ಭಾನುವಾರ ಬೆಲ್ಜಿಯಂನವರದೇ ಕಾರ್ಬೊನಾಡ್ ಮಾಡುವ ಯೋಚನೆ ಇದೆ. ದನದ ಮಾಂಸ, ರಾಶಿ ಈರುಳ್ಳಿ, ಕಂದು ಬಿಯರ್. ಮೇಲೆ ಸಾಸಿವೆ ಬಳಿದ ಬ್ರೆಡ್ ಇಟ್ಟು ಸಣ್ಣ ಉರಿಯಲ್ಲಿ ಮೂರು ಗಂಟೆ. ಬ್ರೆಡ್ ಕರಗಿ ಗೊಜ್ಜನ್ನು ಗಟ್ಟಿ ಮಾಡುತ್ತದಂತೆ. ಯಾರಾದರೂ ಮಾಡಿದ್ದರೆ ಹೇಳಿ, ಬ್ರೆಡ್ ಶುರುವಿನಲ್ಲೇ ಇಡಬೇಕಾ, ಕೊನೆ ಅರ್ಧ ಗಂಟೆಯಲ್ಲಾ?