ಪಾದೆಯ ಮೇಲೆ ಟೆಂಟ್: ಹಕ್ಕು ಬೇಕಾ, ಬೇಡವಾ?

ಪರ

ನಮ್ಮ ಕಾಸರಗೋಡಿನ ಪೊಸಡಿಗುಂಪೆ ಗುಡ್ಡದ ತುದಿಯಲ್ಲಿ ನಿಂತರೆ ಪಡುವಣದಲ್ಲಿ ಕಡಲು ಕಾಣುತ್ತದೆ. ಹೊತ್ತು ಮುಳುಗುವುದನ್ನು ನೋಡಿ, ಅಂಥ ಒಂದು ಪಾದೆಯಲ್ಲೇ, ಅಂದರೆ ಮುರಕಲ್ಲಿನ ಬೋಳು ಗುಡ್ಡೆಯ ಮೇಲೆ, ಮಲಗಿ, ಬೆಳಿಗ್ಗೆ ಇಳಿದು ಬರುವುದು ಯಾಕೆ ತಪ್ಪಾಗಬೇಕು?

ನಮ್ಮ ಅಜ್ಜ ಯಕ್ಷಗಾನದ ಆಟ ನೋಡಲು ಹೋಗುವಾಗ ಯಾರ್ಯಾರದೋ ತೋಟದ ಬದಿಯಲ್ಲೇ ನಡೆಯುತ್ತಿದ್ದರು. ಬೇಲಿಯ ತಡಮೆ ದಾಟಿದರೆ ದಾರಿ, ಅಷ್ಟೇ. ಈಗ ಅಲ್ಲಿ ತಂತಿಬೇಲಿ, ಬೀಗ ಹಾಕಿದ ಗೇಟು. ಊರಿನ ಮಕ್ಕಳಿಗೇ ಪಾದೆಗೆ ಹತ್ತುವ ದಾರಿ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಸ್ಕಾಟ್ಲೆಂಡ್ 2003ರಲ್ಲೇ ಕಾನೂನು ಮಾಡಿತು. ಖಾಸಗಿ ಜಾಗವಾದರೂ ನಡೆಯಬಹುದು, ಸಣ್ಣ ಟೆಂಟ್ ಹಾಕಿ ಮಲಗಬಹುದು. ಬೆಳೆ ಇರುವಲ್ಲಿ, ಮನೆಯಂಗಳದಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಜಮೀನಿನವರು ಕೋರ್ಟಿಗೆ ಹೋದರು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಟೆಂಟ್ ಹಾಕುವವರ ಪರವಾಗಿಯೇ ತೀರ್ಪು ಕೊಟ್ಟಿತು. ನಾನು ಅಷ್ಟೆಲ್ಲ ಕೇಳುವುದಿಲ್ಲ. ಸರ್ಕಾರಿ ಪಾದೆಯಲ್ಲಿ, ಪಂಚಾಯತಿಗೆ ಹೆಸರು ಕೊಟ್ಟು, ಬೆಂಕಿ ಹಾಕದೆ, ಒಂದು ರಾತ್ರಿ.

ವಿರೋಧ

ನಮ್ಮ ಮನೆ ಪಾದೆಯ ಬುಡದಲ್ಲಿದೆ. ಕುಡಿಯುವುದು ಸುರಂಗದ ನೀರು, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದದ್ದು. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಬಿದ್ದದ್ದೇ ಇಂಗಿ ಇಳಿದು, ಸುರಂಗದೊಳಗೆ ಬೆರಳು ಗಾತ್ರಕ್ಕೆ ಹರಿದು, ನಮ್ಮ ಟ್ಯಾಂಕಿಗೆ ಬೀಳುತ್ತದೆ. ಮೇಲೆ ಹತ್ತು ಜನ ರಾತ್ರಿ ಕಳೆದರೆ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾರೆ? ಕೇಳಲು ಮುಜುಗರವೇ. ಆದರೆ ಕುಡಿಯುವವರು ನಾವು, ಅಲ್ವಾ?

ಕಳೆದ ಡಿಸೆಂಬರಿನಲ್ಲಿ ಪಾದೆಯ ಪಳ್ಳದ (ನೀರು ನಿಲ್ಲುವ ಹೊಂಡದ) ಬದಿಯಲ್ಲಿ ಯಾರೋ ಬಾಟಲಿ ಒಡೆದಿದ್ದರು. ನೀರಿಗೆ ಇಳಿದ ನಮ್ಮ ಹಸು ಗೊರಸಿನ ಮೇಲೆ ಕೊಯ್ದುಕೊಂಡು ಬಂತು. ಅರಸಿನ ಹಚ್ಚುವಾಗ ಗಾಯದೊಳಗೆ ಹಸಿರು ಚೂರೊಂದು ಸಿಕ್ಕಿತು. ಫೆಬ್ರವರಿ ಬಂದರೆ ಮುಳಿಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಕಿಡಿ ಸಾಕು, ಬೆಂಕಿ ಗೇರುತೋಪಿನವರೆಗೆ ಓಡುತ್ತದೆ.

'ಸರ್ಕಾರಿ ಜಾಗ' ಎನ್ನುವುದೂ ಅಷ್ಟು ಸಲೀಸಲ್ಲ. 1956ಕ್ಕೆ ಮೊದಲು, ನಾವು ದಕ್ಷಿಣ ಕನ್ನಡದ ಜೊತೆಗಿದ್ದ ಕಾಲದಿಂದ ಕುಮ್ಕಿ ಇದೆ. ವರ್ಗ ಜಾಗದಿಂದ, ಅಂದರೆ ಕೃಷಿಕನ ಸ್ವಂತ ಜಾಗದಿಂದ, ಸುಮಾರು ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು ತೆಗೆಯುವ ಸೌಲಭ್ಯ ಕೃಷಿಕನಿಗೆ. ಟೆಂಟ್ ಹಾಕುವವರಿಗೆ ಆ ಗಡಿ ಕಾಣುವುದೇ ಇಲ್ಲ.

ಸ್ಕಾಟ್ಲೆಂಡಿನಲ್ಲೂ ಎಲ್ಲ ಕಡೆ ಬಿಟ್ಟಿಲ್ಲ. ಲೋಮಂಡ್ ಸರೋವರದ ದಡದಲ್ಲಿ ಜನ, ಕಸ ಎಲ್ಲ ಜಾಸ್ತಿಯಾಗಿ, ಈಗ ಅಲ್ಲಿ ಹಲವು ಕಡೆ ಮಾರ್ಚಿನಿಂದ ಸೆಪ್ಟೆಂಬರ್ ತನಕ ಪರವಾನಗಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ.

ಗುಡ್ಡೆ ನೋಡಬೇಡಿ ಎನ್ನುತ್ತಿಲ್ಲ. ಮನೆಗೆ ಬಂದು ಕೇಳಿ. ನಮ್ಮ ಅಂಗಳದಲ್ಲಿ ಮಲಗಿ, ಬೆಳಕು ಹರಿಯುವ ಮೊದಲು ನಾನೇ ಹತ್ತಿಸುತ್ತೇನೆ.