‘ಮುಂದೆ ಎಂತ ಮಾಡ್ತೀಯಾ?’ ಅಂತ ಕೇಳುವ ಮೊದಲು

ನಮ್ಮೂರಲ್ಲಿ ಡಿಗ್ರಿ ಓದುವ ಮಕ್ಕಳು ಮದುವೆ ಮನೆಗೆ ಹೋದರೆ ಊಟದ ಎಲೆಗಿಂತ ಮೊದಲು ಈ ಪ್ರಶ್ನೆ ಬರುತ್ತದೆ. ಮುಂದೆ ಎಂತ ಮಾಡ್ತೀಯಾ? ನಾನೂ ತುಂಬಾ ಸಲ ಕೇಳಿದ್ದೇನೆ. ಹೋದ ವರ್ಷದಿಂದ ಬಿಟ್ಟಿದ್ದೇನೆ.

ಮಲ್ಪೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ. ಅಪ್ಪ ಬೋಟಿಗೆ ಹೋಗುವವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಪಿಯುಸಿ ಕಾಮರ್ಸ್, ಉಡುಪಿಯ ಒಂದು ಕಾಲೇಜಿನಲ್ಲಿ ಬಿಕಾಂ. ಮೂರನೇ ಸೆಮಿಸ್ಟರಿಗೆ ಬರುವಾಗ ಎರಡು ಪೇಪರ್ ಬಾಕಿ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು, "ನಂಗೆ ಕಾಮರ್ಸ್ ಆಗುದಿಲ್ಲ ಅಕ್ಕ. ಬಿಟ್ಟು ಬಿಎಗೆ ಸೇರ್ತೇನೆ, ಇಲ್ಲಾಂದ್ರೆ ಮುಂಬೈಗೆ ಮಾವನ ಹೋಟೆಲಿಗೆ ಹೋಗ್ತೇನೆ" ಅಂದ.

ಅಷ್ಟರಲ್ಲಿ ಅವನಿಗೆ ಬುದ್ಧಿ ಹೇಳದವರೇ ಇರಲಿಲ್ಲ. ಒಬ್ಬರು ಬಿಸಿಎಗೆ ಸ್ಕೋಪ್ ಉಂಟು ಅಂದರು. ಇನ್ನೊಬ್ಬರು ಹೇಗಾದರೂ ಬಿಕಾಂ ಮುಗಿಸು, ಬ್ಯಾಂಕ್ ಕೆಲಸ ಸಿಗ್ತದೆ ಅಂದರು. ಆ ಮಾತು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಐದೂ ಹುಟ್ಟಿದ್ದು ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮನೆಗೊಬ್ಬರು ಬ್ಯಾಂಕಿನವರು ಇದ್ದ ಕಾಲ ಅದು. 2019, 2020ರಲ್ಲಿ ಅದರಲ್ಲಿ ಮೂರು ಬೇರೆ ಬ್ಯಾಂಕುಗಳ ಜೊತೆ ವಿಲೀನ ಆದವು. ನಮ್ಮ ಸಲಹೆ ಮಾತ್ರ ಇನ್ನೂ ಅಲ್ಲೇ ಉಂಟು. ಡಿಗ್ರಿಯೂ ಬದಲಾಗುತ್ತಾ ಬಂತು. 2021ರಲ್ಲಿ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆಯ್ಕೆ ಬಂತು, 2024ರಲ್ಲಿ ರಾಜ್ಯ ಸರಕಾರ ಮತ್ತೆ ಮೂರು ವರ್ಷಕ್ಕೆ ವಾಪಸ್ ಹೋಯಿತು. ಅಣ್ಣನ ಬ್ಯಾಚಿನ ಲೆಕ್ಕ ತಮ್ಮನಿಗೆ ಹೊಂದುವುದಿಲ್ಲ. ಮತ್ತೆ ನಾವು ಯಾವ ಧೈರ್ಯದಲ್ಲಿ ಹೇಳುವುದು?

ಅವತ್ತು ನಾನು ಸಲಹೆ ಕೊಡಲಿಲ್ಲ. ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗೇ ನಡೆಯುವ ಪರೀಕ್ಷೆಯ ಉತ್ತರ ಪತ್ರಿಕೆ ಇದ್ದರೆ ತಾ ಅಂದೆ. ತಂದ. ಬ್ಯಾಲೆನ್ಸ್ ಶೀಟ್ ಎಷ್ಟು ಚೆಂದ ಹಾಕಿದ್ದ ಗೊತ್ತಾ, ಸ್ಕೇಲಿಟ್ಟು ಗೆರೆ ಎಳೆದು, ಎರಡೂ ಕಡೆ ತಾಳೆ ಆಗಿ, ಪಕ್ಕದಲ್ಲಿ ಪೂರ್ತಿ ಮಾರ್ಕು. ಮುಂದಿನ ಪುಟದಲ್ಲಿ ಥಿಯರಿ ಪ್ರಶ್ನೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಹೊಡೆದು ಹಾಕಿದ್ದ. ಮತ್ತೆ ಅರ್ಧ ಸಾಲು. ಉಳಿದದ್ದು ಖಾಲಿ. ಬಾಕಿ ಇದ್ದ ಎರಡೂ ಪೇಪರಿನಲ್ಲಿ ಬರೆಯುವುದೇ ಜಾಸ್ತಿ.

ಈ ಹುಡುಗನಿಗೆ ಕಾಮರ್ಸ್ ಆಗುತ್ತದೆ. ಇಂಗ್ಲಿಷಿನಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ಅದಕ್ಕೆ ಒಂದು ವರ್ಷಕ್ಕೂ ಮಿಕ್ಕಿದ ಓದು ಬಿಟ್ಟು ಮತ್ತೆ ಮೊದಲ ವರ್ಷಕ್ಕೆ ಸೇರಲು ಹೊರಟಿದ್ದ. ಬಿಎಗೆ ಹೋದರೆ ಬರೆಯುವುದು ಇನ್ನೂ ಜಾಸ್ತಿ ಅಲ್ವಾ?

ಮೆಂಟರ್ ಯಾರು ಅಂತ ಕೇಳಿದೆ. ಈಗ ಹೆಚ್ಚಿನ ಕಾಲೇಜುಗಳಲ್ಲಿ ಇಷ್ಟಿಷ್ಟು ಮಕ್ಕಳಿಗೆ ಒಬ್ಬರು ಅಂತ ಮೇಷ್ಟ್ರು ಇರುತ್ತಾರೆ. ಇವನಿಗೂ ಇದ್ದರು. ಒಮ್ಮೆ ರಿಜಿಸ್ಟರಿಗೆ ಸಹಿ ಹಾಕಲು ಹೋದದ್ದು ಬಿಟ್ಟರೆ ಮಾತಾಡಿರಲಿಲ್ಲ. ಬ್ಯಾಗಿನಲ್ಲಿ ಸ್ಕಾಲರ್‌ಶಿಪ್ಪಿನ ಕಾಗದ ಬೇರೆ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ, ಮೂಲೆಯೆಲ್ಲ ಮಳೆಗೆ ಒದ್ದೆ. ಆಫೀಸಿನ ಸಹಿ ಬೇಕಿತ್ತು. ಒಂದು ಸಲ ಹೋದಾಗ ಕಿಟಕಿಯಲ್ಲಿ ಇದ್ದವರು "ಈಗ ಬರುದಾ?" ಅಂತ ಎಲ್ಲರೆದುರು ಗದರಿದರಂತೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎರಡು ವಾರ ಆ ಕಾಗದ ಹೊತ್ತುಕೊಂಡು ತಿರುಗಿದ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಮರುದಿನ ರಜೆ ಹಾಕಿ ಜೊತೆಗೆ ಹೋದೆ. ನಾನು ಏನೂ ಮಾತಾಡಲಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತೆ. ಸಹಿ ಆಯಿತು. ಅವನ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ, ಹಾಗೇ ಬಿಟ್ಟಿದ್ದರೆ ಹಣ ಬರುತ್ತಿರಲಿಲ್ಲ ಅಂತ ಗೊತ್ತಾದದ್ದೂ ಅಲ್ಲೇ. ಮೆಂಟರ್ ಮೇಡಂ ಉತ್ತರ ಪತ್ರಿಕೆ ನೋಡಿ, ವಾರಕ್ಕೆ ಎರಡು ಉತ್ತರ ಬರೆದು ತೋರಿಸು, ತಪ್ಪಾದರೆ ಆಗಲಿ ಅಂದರು. ಅದನ್ನು ಹೇಳಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ಪಿಯುಸಿ ಆದಾಗ ಸಿಎಯ ಮೊದಲ ಪರೀಕ್ಷೆ ಫೌಂಡೇಶನ್ ಬರೆಯದವರೂ ಬಿಕಾಂನಲ್ಲಿ ಶೇಕಡಾ 55 ಬಂದರೆ ನೇರ ಎರಡನೇ ಹಂತ ಇಂಟರ್‌ಮೀಡಿಯೇಟಿಗೆ ಸೇರಬಹುದು ಅಂತಲೂ ಹೇಳಿದರು. ಅವನು ಸಿಎ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಆ ಬಾಗಿಲು ಮುಚ್ಚಿಹೋಯಿತು ಅಂತ ಅವನು ನಂಬಿದ್ದ, ಅದಕ್ಕೆ ಹೇಳಿದೆ.

ಈಗ ಒಂದು ಪೇಪರ್ ಪಾಸಾಗಿದೆ, ಇನ್ನೊಂದು ಉಂಟು. ಬರೆಯುತ್ತಿದ್ದಾನೆ.

ಮನೆಯಲ್ಲಿ ಡಿಗ್ರಿ ಓದುವ ಮಕ್ಕಳಿದ್ದರೆ ಸ್ಕೋಪ್ ಮಾತು ಸ್ವಲ್ಪ ದಿನ ಬದಿಗಿಡಿ. ಯಾವ ಪುಟದಲ್ಲಿ ಪೆನ್ನು ನಿಂತಿದೆ ಅಂತ ನೋಡಿ. ಕೆಲವರಿಗೆ ಅದು ಪುಸ್ತಕದ ವಿಷಯವೇ ಆಗಿರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾರ ಹತ್ರವೂ ಮಾತು ಬೇಡ ಅನಿಸುತ್ತದೆ. ಅಂಥವರಿಗೆ ಕಾಲೇಜಿನ ಕೌನ್ಸೆಲರ್ ಇದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮನಸ್ಸಿನ ತೊಂದರೆಗೆ ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಉಂಟು, 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವವರು ಓದುತ್ತಿದ್ದರೆ ಒಂದು ಮಾತು. ನಿಮಗೆ ಕೆಲಸ ಜಾಸ್ತಿ, ಗೊತ್ತು. ಆದರೂ ಯಾರಾದರೂ ಕಿಟಕಿ ಹತ್ರ ಬಂದು ಸುಮ್ಮನೆ ನಿಂತರೆ, ಎಂತ ಬೇಕು ಮಗಾ ಅಂತ ನೀವೇ ಕೇಳಿ.

ಉಡುಪಿ ಆಸುಪಾಸಿನ ಮಕ್ಕಳೇ, ಆಫೀಸಿಗೋ ಮೇಷ್ಟ್ರ ಹತ್ರವೋ ಹೋಗಲು ಹೆದರಿಕೆ ಆದರೆ, ಮನೆಯಲ್ಲಿ ಜೊತೆಗೆ ಬರುವವರು ಇಲ್ಲದಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಶನಿವಾರ ಬೆಳಿಗ್ಗೆ ನನಗೆ ಬಿಡುವುಂಟು.